ಮನೆ ಯಾರದ್ದಾದರೂ ಇರಲಿ, ವೋಟು ಅಲ್ಲಿ ಬದುಕುವವರದ್ದು

ಸ್ಥಳೀಯ ಚುನಾವಣೆ ಹತ್ತಿರ ಬಂದಾಗಲೆಲ್ಲ ಎರಡು ಮಾತು ಕೇಳಿಬರುತ್ತವೆ. ಒಂದು, "ನಾವು ಬಾಡಿಗೆಯವರು, ನಗರಸಭೆ ವಿಷಯ ನಮಗೆ ಯಾಕೆ ಬೇಕು?" ಇನ್ನೊಂದು, "ನಾನು ಅಲ್ಲಿ ಇರೋದಿಲ್ಲ ನಿಜ, ಆದರೆ ಆಸ್ತಿ ತೆರಿಗೆ ಕಟ್ಟುತ್ತೇನಲ್ಲ, ವೋಟು ನನಗೆ ಇರಲೇಬೇಕು." ಜಗತ್ತಿನ ಹೆಚ್ಚಿನ ಕಡೆ ಈ ಎರಡೂ ತಪ್ಪು. ಬಾಡಿಗೆದಾರನಿಗೆ ವೋಟು ಇದೆ. ಬೇರೆ ಊರಲ್ಲಿ ಕೂತು ತೆರಿಗೆ ಕಟ್ಟುವ ಮಾಲೀಕನಿಗೆ ಸಾಮಾನ್ಯವಾಗಿ ಇಲ್ಲ. ಇದನ್ನು ಕೇಳಿ ಎಷ್ಟೋ ಜನ ಆಶ್ಚರ್ಯಪಡುತ್ತಾರೆ. ಕೆಲವರಿಗೆ ಸಿಟ್ಟೂ ಬರುತ್ತದೆ. ಅದಕ್ಕೇ ಈ ವಿಷಯವನ್ನು ಸ್ವಲ್ಪ ಬಿಡಿಸಿ ಬರೆಯೋಣ ಅನ್ನಿಸಿತು.

ನಗರಸಭೆಯೋ ಪುರಸಭೆಯೋ ಏನು ಮಾಡುತ್ತದೆ ಅನ್ನುವುದನ್ನು ಮೊದಲು ನೋಡಿ. ನಲ್ಲಿಯಲ್ಲಿ ನೀರು ಎಷ್ಟು ಹೊತ್ತು ಬರಬೇಕು, ಕಸದ ಗಾಡಿ ಯಾವ ಬೀದಿಗೆ ಯಾವಾಗ ಹೋಗಬೇಕು, ಚರಂಡಿ ಎಲ್ಲಿ ಅಗೆಯಬೇಕು, ಬೀದಿ ದೀಪ ಎಲ್ಲಿ ಹಾಕಬೇಕು, ಖಾಲಿ ಜಾಗದಲ್ಲಿ ಪಾರ್ಕ್ ಬರಬೇಕೋ ಅಂಗಡಿ ಸಾಲು ಬರಬೇಕೋ. ಇದರಲ್ಲಿ ಯುದ್ಧ, ವಿದೇಶಾಂಗ ನೀತಿ, ನೋಟು ಅಚ್ಚು ಹಾಕುವುದು ಯಾವುದೂ ಇಲ್ಲ. ರಾತ್ರಿ ಆ ಊರಲ್ಲಿ ಮಲಗಿ ಬೆಳಗ್ಗೆ ಅಲ್ಲೇ ಏಳುವವರ ಬದುಕಿಗೆ ನೇರವಾಗಿ ತಟ್ಟುವ ವಿಷಯಗಳು ಮಾತ್ರ. ಹಾಗಾದರೆ ವೋಟು ಯಾರಿಗೆ ಇರಬೇಕು ಅನ್ನುವ ಪ್ರಶ್ನೆಗೆ ಉತ್ತರ ಅಲ್ಲೇ ಇದೆ ಅಲ್ವಾ? ನನ್ನ ಮಟ್ಟಿಗಂತೂ ಇದೆ. ಆದರೆ ಈ ಸರಳ ಉತ್ತರಕ್ಕೆ ಬರಲು ಜಗತ್ತು ಬಹಳ ಕಾಲ ತೆಗೆದುಕೊಂಡಿತು, ಇನ್ನೂ ಕೆಲವು ಕಡೆ ಪೂರ್ತಿ ಬಂದಿಲ್ಲ.

ಮೊದಲು ಎಲ್ಲವೂ ಆಸ್ತಿಯ ಲೆಕ್ಕವೇ. ಇಂಗ್ಲೆಂಡಿನಲ್ಲಿ 1835ರ ಕಾಯ್ದೆ ಬಂದಾಗ ನಗರಗಳ ಆಡಳಿತ ಒಂದಷ್ಟು ಜನರ ಮುಚ್ಚಿದ ಕೂಟದಿಂದ ಹೊರಗೆ ಬಂತು, ನಿಜ. ಆದರೆ ವೋಟು ಸಿಕ್ಕಿದ್ದು ಸ್ಥಳೀಯ ತೆರಿಗೆ ಕಟ್ಟುವ ಗಂಡಸರಿಗೆ ಮಾತ್ರ. 1869ರಲ್ಲಿ ತೆರಿಗೆ ಕಟ್ಟುವ ಹೆಂಗಸರಿಗೂ ನಗರದ ಚುನಾವಣೆಯಲ್ಲಿ ವೋಟು ಕೊಟ್ಟರು. ಸಂಸತ್ತಿನ ಚುನಾವಣೆಯಲ್ಲಿ ಅಲ್ಲಿನ ಹೆಂಗಸರಿಗೆ ಮೊದಲ ಸಲ ವೋಟು ಬಂದದ್ದು 1918ರಲ್ಲಿ, ಅಂದರೆ ಊರಿನ ವೋಟು ಸುಮಾರು 50 ವರ್ಷ ಮುಂಚೆಯೇ ಬಂದಿತ್ತು. ಇಷ್ಟರಲ್ಲೇ 1872ರಲ್ಲಿ ಕೋರ್ಟು, ಮದುವೆಯಾದ ಹೆಂಗಸಿಗೆ ಈ ಹಕ್ಕು ಇಲ್ಲ ಅಂದುಬಿಟ್ಟಿತು. ಒಂಟಿ ಹೆಂಗಸರು, ವಿಧವೆಯರು ಪಟ್ಟಿಯಲ್ಲಿ ಉಳಿದರು, ಮಿಕ್ಕವರು ಹೊರಗೆ.

ಸ್ವೀಡನ್ನಿನ ಕಥೆ ಇನ್ನೂ ಜಾಸ್ತಿ ಕಣ್ಣು ತೆರೆಸುತ್ತದೆ. 1862ರ ವ್ಯವಸ್ಥೆಯಲ್ಲಿ ಸ್ಥಳೀಯ ಚುನಾವಣೆಗೆ ಒಬ್ಬರಿಗೆ ಒಂದು ವೋಟು ಅನ್ನುವ ಮಾತೇ ಇರಲಿಲ್ಲ. ಆದಾಯ ಮತ್ತು ಆಸ್ತಿ ಎಷ್ಟೋ ಅಷ್ಟು ವೋಟು. ಕಂಪನಿಗಳಿಗೂ ವೋಟು. ಇದರಿಂದ ಕೆಲವು ಹಳ್ಳಿಗಳಲ್ಲಿ ಒಬ್ಬನೇ ಜಮೀನುದಾರನ ಕೈಯಲ್ಲಿ ಅರ್ಧಕ್ಕಿಂತ ಹೆಚ್ಚು ವೋಟುಗಳು ಸೇರಿಕೊಂಡಿದ್ದವು. ಅಂಥ ಕಡೆ ಸಭೆ ಸೇರಿದರೂ ಒಂದೇ, ಸೇರದಿದ್ದರೂ ಒಂದೇ. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ, 1918ರಲ್ಲಿ, ಈ ಪದ್ಧತಿಯನ್ನು ಕೈಬಿಡುವ ತೀರ್ಮಾನವಾಯಿತು. ಇವತ್ತು ಸಮಾನತೆಯ ಮಾತು ಬಂದರೆ ಎಲ್ಲರೂ ಅದೇ ದೇಶದ ಹೆಸರು ಹೇಳುತ್ತಾರೆ. ನಿಯಮ ಬದಲಾಗುತ್ತದೆ, ಬದಲಾಯಿಸಿದರೆ ಊರೂ ಬದಲಾಗುತ್ತದೆ ಅನ್ನುವುದಕ್ಕೆ ನನಗೆ ಇಷ್ಟವಾದ ಉದಾಹರಣೆ ಇದು.

ಆದರೆ ಆಸ್ತಿಗೆ ವೋಟು ಕಟ್ಟಿದರೆ ಏನೆಲ್ಲ ಆಗಬಹುದು ಅನ್ನುವುದಕ್ಕೆ ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡ್ ಪ್ರಾಂತ್ಯವನ್ನು ನೋಡಬೇಕು, ಮತ್ತು ಅದು ಬಹಳ ಹಳೆಯ ಕಾಲದ ಮಾತೂ ಅಲ್ಲ. 1960ರ ದಶಕದ ಕೊನೆಯವರೆಗೂ ಅಲ್ಲಿನ ಸ್ಥಳೀಯ ಚುನಾವಣೆಯಲ್ಲಿ ವೋಟು ಇದ್ದದ್ದು ಮನೆಯ ಮಾಲೀಕರಿಗೆ, ಇಡೀ ಮನೆಯನ್ನು ತಮ್ಮ ಹೆಸರಲ್ಲಿ ಬಾಡಿಗೆಗೆ ಹಿಡಿದವರಿಗೆ, ಮತ್ತು ಅವರ ಗಂಡ ಅಥವಾ ಹೆಂಡತಿಗೆ. ಅದೇ ಮನೆಯಲ್ಲಿದ್ದ ಬೆಳೆದ ಮಕ್ಕಳಿಗೆ ಇಲ್ಲ. ಒಂದು ಕೋಣೆ ಹಿಡಿದು ಇದ್ದವರಿಗೆ ಇಲ್ಲ. ಇನ್ನೊಂದು ಕಡೆ, ಕಂಪನಿಗಳ ಪರವಾಗಿ ಆರು ವೋಟಿನವರೆಗೆ ಹಾಕಬಹುದಿತ್ತು. ಈಗ ಇದರ ಜೊತೆಗೆ ಒಂದು ವಿಷಯ ಸೇರಿಸಿ: ಸರ್ಕಾರಿ ಮನೆಗಳನ್ನು ಹಂಚುತ್ತಿದ್ದದ್ದು ಅದೇ ಸ್ಥಳೀಯ ಕೌನ್ಸಿಲ್. ಒಂದು ಮನೆ ಕೊಟ್ಟರೆ ಎರಡು ವೋಟು ಕೊಟ್ಟ ಹಾಗೆ. ಹಾಗಾಗಿ ಯಾರಿಗೆ ಮನೆ ಕೊಡಬೇಕು ಅನ್ನುವುದು, ಯಾರಿಗೆ ವೋಟು ಕೊಡಬೇಕು ಅನ್ನುವ ಲೆಕ್ಕವಾಯಿತು. ಡೆರಿ ಪಟ್ಟಣದಲ್ಲಿ ಕ್ಯಾಥೋಲಿಕರು ಬಹುಸಂಖ್ಯಾತರು, ಆದರೂ ಕೌನ್ಸಿಲ್ ಬೇರೆಯವರ ಕೈಯಲ್ಲೇ ಇತ್ತು. ವಾರ್ಡುಗಳ ಗಡಿಯನ್ನು ಬೇಕಾದ ಹಾಗೆ ಎಳೆದದ್ದೂ ಅದಕ್ಕೆ ಕಾರಣ, ಈ ಮನೆಯ ನಿಯಮವೂ ಕಾರಣ. 1968ರ ಅಕ್ಟೋಬರ್ 5ರಂದು ಅಲ್ಲಿ ನಡೆದ ಮೆರವಣಿಗೆಯ ಮೇಲೆ ಪೊಲೀಸರು ಲಾಠಿ ಬೀಸಿದರು. ಆ ಚಳವಳಿಯ ಮುಖ್ಯ ಘೋಷಣೆಯೇ ಒಬ್ಬರಿಗೆ ಒಂದು ವೋಟು. ಮರುವರ್ಷ ಕಾನೂನು ಬದಲಾಯಿತು. ಸುಮ್ನೆ ಒಂದು ನಗರಸಭೆಯ ವೋಟಿನ ನಿಯಮ ಅಂತ ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ಈ ಪಟ್ಟಣ ನೆನಪಾಗುತ್ತದೆ.

ಅಮೆರಿಕದಲ್ಲಿ ಇದೇ ಜಗಳ ಕೋರ್ಟಿನಲ್ಲಿ ನಡೆಯಿತು. ನ್ಯೂಯಾರ್ಕ್ ರಾಜ್ಯದ ಕೆಲವು ಶಾಲಾ ಜಿಲ್ಲೆಗಳಲ್ಲಿ ಒಂದು ನಿಯಮವಿತ್ತು. ಶಾಲಾ ಮಂಡಳಿಯ ಚುನಾವಣೆಯಲ್ಲಿ ವೋಟು ಹಾಕಬೇಕಾದರೆ ಆಸ್ತಿ ಇರಬೇಕು, ಇಲ್ಲವೇ ಆಸ್ತಿಯನ್ನು ಬಾಡಿಗೆಗೆ ಹಿಡಿದಿರಬೇಕು, ಅದೂ ಇಲ್ಲದಿದ್ದರೆ ಸರ್ಕಾರಿ ಶಾಲೆಯಲ್ಲಿ ಮಕ್ಕಳು ಓದುತ್ತಿರಬೇಕು. ತಂದೆತಾಯಿಯ ಜೊತೆಗಿದ್ದ, ಮದುವೆಯಾಗದ ಒಬ್ಬ ಗಂಡಸು ಈ ಮೂರರಲ್ಲಿ ಯಾವುದಕ್ಕೂ ಸೇರುತ್ತಿರಲಿಲ್ಲ. ಅವನು ಕೇಸು ಹಾಕಿದ. ಸುಪ್ರೀಂ ಕೋರ್ಟು 1969ರಲ್ಲಿ ಆ ನಿಯಮವನ್ನು ಹೊಡೆದುಹಾಕಿತು. ಮರುವರ್ಷ ಫೀನಿಕ್ಸ್ ನಗರದ ಕೇಸು ಬಂತು. ನಗರ ಸಾಲ ಎತ್ತುತ್ತದೆ, ಅದನ್ನು ಆಸ್ತಿ ತೆರಿಗೆಯಿಂದ ತೀರಿಸುತ್ತದೆ, ಹಾಗಾಗಿ ಆ ಬಗ್ಗೆ ವೋಟು ಆಸ್ತಿ ಇರುವವರಿಗೆ ಮಾತ್ರ ಅನ್ನುವುದು ನಗರದ ವಾದ. ಮೇಲ್ನೋಟಕ್ಕೆ ಸರಿ ಅನ್ನಿಸುತ್ತದೆ ಅಲ್ವಾ? ಆದರೆ ಕೋರ್ಟು ಒಪ್ಪಲಿಲ್ಲ. ಆ ಸಾಲದಿಂದ ಬರುವ ಸೌಕರ್ಯ ಎಲ್ಲರಿಗೂ ಸೇರಿದ್ದು, ಮೇಲಾಗಿ ಆಸ್ತಿ ತೆರಿಗೆಯ ಭಾರ ಬಾಡಿಗೆಯ ಮೂಲಕ ಬಾಡಿಗೆದಾರನ ಮೇಲೂ ಬೀಳುತ್ತದೆ ಅಂತ ಹೇಳಿತು.

ಈ ಎರಡನೆಯ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. "ತೆರಿಗೆ ಕಟ್ಟುವವನು ನಾನು" ಅಂತ ಮಾಲೀಕ ಹೇಳಿದಾಗ, ಆ ತೆರಿಗೆಯ ದುಡ್ಡು ಎಲ್ಲಿಂದ ಬಂತು ಅಂತ ಕೇಳಬೇಕು. ಪ್ರತಿ ತಿಂಗಳು ಬಾಡಿಗೆ ಕೊಡುವವರ ಜೇಬಿನಿಂದಲೇ ಅದರಲ್ಲಿ ದೊಡ್ಡ ಪಾಲು ಬಂದಿರುತ್ತದೆ. ರಸೀದಿಯ ಮೇಲೆ ಹೆಸರು ಮಾತ್ರ ಬೇರೆ.

ಹಾಗಂತ ಆಸ್ತಿಯ ವೋಟು ಎಲ್ಲ ಕಡೆ ಸತ್ತುಹೋಗಿಲ್ಲ. ಬ್ರಿಟನ್ನಿನಲ್ಲಿ ವ್ಯಾಪಾರದ ವೋಟನ್ನು 1969ರಲ್ಲಿ ತೆಗೆದರು, ಆದರೆ ಸಿಟಿ ಆಫ್ ಲಂಡನ್ ಅನ್ನುವ ಹಳೆಯ ಪುಟ್ಟ ಭಾಗದಲ್ಲಿ ಉಳಿಸಿಕೊಂಡರು. ಅಲ್ಲಿ ವಾಸ ಇರುವವರು 9 ಸಾವಿರದ ಆಸುಪಾಸು, ಕೆಲಸಕ್ಕೆ ಬಂದು ಹೋಗುವವರು ಲಕ್ಷಗಟ್ಟಲೆ. ಅದಕ್ಕೆ ಕಂಪನಿಗಳು ತಮ್ಮ ಕೆಲಸಗಾರರ ಸಂಖ್ಯೆಗೆ ತಕ್ಕಂತೆ ಮತದಾರರನ್ನು ನೇಮಿಸುತ್ತವೆ. 9 ಜನರವರೆಗೆ ಒಬ್ಬ, 50ರವರೆಗೆ ಐದು ಜನರಿಗೆ ಒಬ್ಬ, ಅದಕ್ಕಿಂತ ಜಾಸ್ತಿ ಇದ್ದರೆ ಪ್ರತಿ 50 ಜನರಿಗೆ ಇನ್ನೊಬ್ಬ. ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ಕೌನ್ಸಿಲ್ ಚುನಾವಣೆಯಲ್ಲಿ ಕಂಪನಿಗಳ ಪರವಾಗಿ ಇಬ್ಬರು ವೋಟು ಹಾಕುತ್ತಾರೆ. ಸಿಡ್ನಿಯಲ್ಲಿ 2014ರಲ್ಲಿ ಇಂಥದ್ದೇ ಎರಡು ವೋಟಿನ ನಿಯಮ ತಂದು, 2023ರಲ್ಲಿ ವಾಪಸ್ ತೆಗೆದರು. ನ್ಯೂಜಿಲೆಂಡಿನಲ್ಲಿ ಬೇರೆ ಊರಲ್ಲಿ ಆಸ್ತಿ ಇರುವವರು ಅರ್ಜಿ ಹಾಕಿ ಅಲ್ಲಿಯೂ ಸ್ಥಳೀಯ ಮತದಾರರಾಗಬಹುದು. ಅಮೆರಿಕದ ಡೆಲವೇರ್ ರಾಜ್ಯದ ನ್ಯೂವಾರ್ಕ್ ಪಟ್ಟಣದಲ್ಲಂತೂ, 2018ರ ಒಂದು ಜನಮತ ಸಂಗ್ರಹದಲ್ಲಿ, ಹಲವು ಕಂಪನಿಗಳ ಹೆಸರಲ್ಲಿದ್ದ ಆಸ್ತಿಗಳನ್ನು ನೋಡಿಕೊಳ್ಳುತ್ತಿದ್ದ ಒಬ್ಬನೇ ವ್ಯಕ್ತಿ 31 ವೋಟು ಹಾಕಿದ. ಅವನು ಕಳ್ಳ ವೋಟು ಹಾಕಲಿಲ್ಲ. ನಿಯಮವೇ ಹಾಗಿತ್ತು. ಆಮೇಲೆ ಅದನ್ನು ತಿದ್ದಿದರು.

ವ್ಯಾಪಾರಸ್ಥರಿಗೆ ಊರಿನ ಬಗ್ಗೆ ಕಾಳಜಿ ಇರುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ರಸ್ತೆ ಹಾಳಾದರೆ ಅವರ ವ್ಯಾಪಾರಕ್ಕೂ ಪೆಟ್ಟು. ಆದರೆ ಅವರ ಮಾತು ಕೇಳಿಸಲು ಬೇರೆ ದಾರಿಗಳಿವೆ. ಮನವಿ ಕೊಡಬಹುದು, ಸಂಘ ಕಟ್ಟಬಹುದು, ಅಧಿಕಾರಿಗಳನ್ನು ಭೇಟಿ ಮಾಡಬಹುದು. ಒಂದು ಕೋಣೆಯಲ್ಲಿ ಬಾಡಿಗೆಗಿರುವ ಕೂಲಿಯವರಿಗೆ ವೋಟು ಬಿಟ್ಟರೆ ಬೇರೆ ದಾರಿ ಕಡಿಮೆ. ಕ್ಯಾಲಿಫೋರ್ನಿಯಾದ ಟುಲಾರಿ ಸರೋವರದ ನೀರಾವರಿ ಜಿಲ್ಲೆಯ ಕೇಸಿನಲ್ಲಿ, 1973ರಲ್ಲಿ, ಅಮೆರಿಕದ ಸುಪ್ರೀಂ ಕೋರ್ಟು ಜಮೀನುದಾರರಿಗೆ ಮಾತ್ರ, ಅದೂ ಜಮೀನಿನ ಬೆಲೆಯ ಲೆಕ್ಕದಲ್ಲಿ ವೋಟು ಕೊಡಬಹುದು ಅಂದಿತು. ಅದು ನೀರಿನ ಕೆಲಸಕ್ಕೆ ಮಾತ್ರ ಇರುವ ಸಂಸ್ಥೆ, ಸಾಮಾನ್ಯ ಸರ್ಕಾರ ಅಲ್ಲ ಅನ್ನುವುದು ಕಾರಣ. ಆ ಜಿಲ್ಲೆಯ ಸುಮಾರು 85% ಜಮೀನು ನಾಲ್ಕು ಕಂಪನಿಗಳ ಕೈಯಲ್ಲಿತ್ತು. ಪ್ರವಾಹ ಬಂದರೆ ಮುಳುಗುವುದು ಮಾತ್ರ ಅಲ್ಲಿ ವಾಸ ಇದ್ದವರ ಮನೆ. ಈ ತೀರ್ಪು ನನಗೆ ಇವತ್ತಿಗೂ ಸರಿ ಅನ್ನಿಸುವುದಿಲ್ಲ.

ಸರಿ, ಆಸ್ತಿ ಬೇಡ, ವಾಸ ಸಾಕು ಅಂತ ಇಟ್ಟುಕೊಳ್ಳೋಣ. ಹಾಗಾದರೆ ವಾಸ ಅಂದರೆ ಏನು? ಇಲ್ಲಿ ಗೊಂದಲ ಶುರುವಾಗುತ್ತದೆ.

ಭಾರತದ 1950ರ ಪ್ರಜಾಪ್ರತಿನಿಧಿ ಕಾಯ್ದೆ ಇದನ್ನು ನೇರವಾಗಿ ಹೇಳುತ್ತದೆ. ಒಂದು ಕ್ಷೇತ್ರದಲ್ಲಿ ನಿಮಗೆ ಮನೆ ಇದೆ ಅನ್ನುವ ಒಂದೇ ಕಾರಣಕ್ಕೆ ನೀವು ಅಲ್ಲಿನ ನಿವಾಸಿ ಆಗುವುದಿಲ್ಲ. ಸ್ವಲ್ಪ ದಿನ ಹೊರಗೆ ಹೋದ ಮಾತ್ರಕ್ಕೆ ನಿವಾಸಿ ಅಲ್ಲದೆಯೂ ಆಗುವುದಿಲ್ಲ. ಸಾಮಾನ್ಯವಾಗಿ ಎಲ್ಲಿ ಬದುಕುತ್ತೀರೋ ಅದೇ ನಿಮ್ಮ ಜಾಗ. ಎರಡು ಕಡೆ ಹೆಸರು ಇಟ್ಟುಕೊಳ್ಳುವ ಹಾಗಿಲ್ಲ, ಸುಳ್ಳು ಹೇಳಿ ಹೆಸರು ಸೇರಿಸಿದರೆ ಒಂದು ವರ್ಷದವರೆಗೆ ಜೈಲು ಶಿಕ್ಷೆಯೂ ಆಗಬಹುದು. ಹಲವು ರಾಜ್ಯಗಳಲ್ಲಿ ನಗರಸಭೆ ಪಟ್ಟಿಯನ್ನು ವಿಧಾನಸಭೆಯ ಮತದಾರರ ಪಟ್ಟಿಯಿಂದಲೇ ವಾರ್ಡುವಾರು ಬಿಡಿಸಿ ಮಾಡುತ್ತಾರೆ. ಹಾಗಾಗಿ ಈ ನಿಯಮ ಊರಿನ ವೋಟಿಗೂ ಬಂದು ತಟ್ಟುತ್ತದೆ.

ಮನೆಯೇ ಇಲ್ಲದವರ ಗತಿ? ಅವರಿಗೂ ವೋಟು ಇದೆ. ಭಾರತದಲ್ಲಿ ಬೀದಿಬದಿ ಮಲಗುವವರು ಅರ್ಜಿ ಹಾಕಿದರೆ ಬೂತ್ ಮಟ್ಟದ ಅಧಿಕಾರಿ ರಾತ್ರಿ ಹೊತ್ತು ಹೋಗಿ, ಅವರು ಹೇಳಿದ ಜಾಗದಲ್ಲಿ ನಿಜವಾಗಿ ಮಲಗುತ್ತಾರಾ ಅಂತ ನೋಡಿ ಬರೆದುಕೊಳ್ಳಬೇಕು. ವಿಳಾಸದ ದಾಖಲೆ ಬೇಕು ಅಂತ ವಾಪಸ್ ಕಳಿಸುವ ಹಾಗಿಲ್ಲ. ಬ್ರಿಟನ್ನಿನಲ್ಲಿ ಮನೆ ಇಲ್ಲದವರು, ಈ ಜಾಗದ ಜೊತೆ ನನಗೆ ನಂಟಿದೆ ಅಂತ ಬರೆದುಕೊಟ್ಟು ಹೆಸರು ಸೇರಿಸಬಹುದು. ಈ ವಿಷಯ ಜನರಿಗೆ ಗೊತ್ತೇ ಇಲ್ಲ ಅನ್ನುವುದು ಬೇಸರದ ಸಂಗತಿ. ನಗರದ ತೀರ್ಮಾನಗಳು ಎಲ್ಲರಿಗಿಂತ ಮೊದಲು ತಟ್ಟುವುದು ಫುಟ್‌ಪಾತ್ ಮೇಲೆ ಮಲಗುವವರಿಗೇ.

ವಿದ್ಯಾರ್ಥಿಗಳ ಕಥೆ ಇನ್ನೊಂದು. ಓದಲು ಬಂದ ಹುಡುಗ ಹಾಸ್ಟೆಲ್ ಇರುವ ಊರಿನವನೋ, ಅಪ್ಪ ಅಮ್ಮ ಇರುವ ಊರಿನವನೋ? ಬ್ರಿಟನ್ನಿನವರು ಎರಡೂ ಕಡೆ ಹೆಸರು ಸೇರಿಸಲು ಬಿಡುತ್ತಾರೆ. ಎರಡೂ ಬೇರೆ ಬೇರೆ ಕೌನ್ಸಿಲ್ ಆಗಿದ್ದರೆ ಎರಡರ ಸ್ಥಳೀಯ ಚುನಾವಣೆಯಲ್ಲೂ ವೋಟು ಹಾಕಬಹುದು, ಆದರೆ ಸಂಸತ್ತಿನ ಚುನಾವಣೆಯಲ್ಲಿ ಒಂದು ಕಡೆ ಮಾತ್ರ. ನನಗೆ ಇದು ಬಹಳ ಹಿಡಿಸಿತು. ವರ್ಷದ ಅರ್ಧ ಇಲ್ಲಿ, ಅರ್ಧ ಅಲ್ಲಿ ಬದುಕುವವನಿಗೆ ಎರಡೂ ಊರಿನ ಬಸ್ಸು, ನೀರು, ಕಸ ಸಂಬಂಧಪಡುತ್ತದೆ ಅನ್ನುವುದನ್ನು ಈ ನಿಯಮ ಒಪ್ಪಿಕೊಳ್ಳುತ್ತದೆ.

ಎಷ್ಟು ದಿನ ವಾಸ ಇರಬೇಕು ಅನ್ನುವುದೂ ಒಂದು ಜಗಳ. ಅಮೆರಿಕದ ಟೆನೆಸ್ಸಿಯಲ್ಲಿ ರಾಜ್ಯದಲ್ಲಿ ಒಂದು ವರ್ಷ, ಕೌಂಟಿಯಲ್ಲಿ, ಅಂದರೆ ಅಲ್ಲಿನ ಜಿಲ್ಲೆಯಲ್ಲಿ, ಮೂರು ತಿಂಗಳು ಇದ್ದವರಿಗೆ ಮಾತ್ರ ವೋಟು ಅಂತಿತ್ತು. 1972ರಲ್ಲಿ ಸುಪ್ರೀಂ ಕೋರ್ಟು ಇದು ಅತಿಯಾಯಿತು ಅಂತ ರದ್ದು ಮಾಡಿತು. ಪಟ್ಟಿ ತಯಾರಿಸಲು ಬೇಕಾದಷ್ಟು ದಿನ ಕೇಳುವುದು ಸರಿ. ಹೊಸಬರು ಅನ್ನುವ ಕಾರಣಕ್ಕೇ ವರ್ಷಗಟ್ಟಲೆ ಕಾಯಿಸುವುದು ಸರಿಯಲ್ಲ.

ಈಗ ಎಲ್ಲಕ್ಕಿಂತ ಜಾಸ್ತಿ ಬಿಸಿ ಏರಿಸುವ ಪ್ರಶ್ನೆಗೆ ಬರೋಣ. ಬೇರೆ ದೇಶದ ಪೌರರಿಗೆ ಊರಿನ ಚುನಾವಣೆಯಲ್ಲಿ ವೋಟು ಇರಬೇಕೇ?

ಭಾರತದಲ್ಲಿ ಇಲ್ಲ. ಪೌರತ್ವ ಬೇಕೇ ಬೇಕು. ಆದರೆ ಇದು ಎಲ್ಲ ಕಡೆ ಹಾಗೇ ಅಂತ ತಿಳಿಯಬೇಡಿ. ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್ ಕ್ಯಾಂಟನ್ (ಅಲ್ಲಿನ ರಾಜ್ಯಗಳಿಗೆ ಕ್ಯಾಂಟನ್ ಅನ್ನುತ್ತಾರೆ) 1849ರಲ್ಲೇ ವಿದೇಶಿಯರಿಗೆ ಊರಿನ ವೋಟು ಕೊಟ್ಟಿತ್ತು. ಅದೇ ದೇಶದ ಅಪೆನ್‌ಜೆಲ್ ಇನ್ನರ್‌ರೋಡನ್‌ನಲ್ಲಿ ಅಲ್ಲೇ ಹುಟ್ಟಿ ಬೆಳೆದ ಹೆಂಗಸರಿಗೆ ಕ್ಯಾಂಟನ್ ವಿಷಯಗಳಲ್ಲಿ ವೋಟು ಸಿಕ್ಕಿದ್ದು 1990ರಲ್ಲಿ, ಅದೂ ಕೋರ್ಟು ಹೇಳಿದ ಮೇಲೆ. ಒಂದೇ ದೇಶದೊಳಗೆ ಎಷ್ಟು ದೂರ ನೋಡಿ.

ಐರ್ಲೆಂಡ್ 1963ರಿಂದ ಸ್ಥಳೀಯ ಚುನಾವಣೆಗೆ ಪೌರತ್ವ ಕೇಳುವುದಿಲ್ಲ. ಅಲ್ಲಿ ವಾಸ ಇರಬೇಕು, 18 ತುಂಬಿರಬೇಕು, ಅಷ್ಟೇ. ಸ್ವೀಡನ್ 1976ರ ಚುನಾವಣೆಯಿಂದ ಮೂರು ವರ್ಷ ವಾಸವಿದ್ದ ವಿದೇಶಿಯರಿಗೆ ವೋಟು ಕೊಟ್ಟಿತು, ಡೆನ್ಮಾರ್ಕ್, ನಾರ್ವೆ ಹಿಂದೆಯೇ ಬಂದವು, ನೆದರ್ಲೆಂಡ್ಸ್‌ನಲ್ಲಿ ಐದು ವರ್ಷ ಇದ್ದರೆ ಆಯಿತು. ದಕ್ಷಿಣ ಕೊರಿಯಾ 2005ರಲ್ಲಿ ಕಾನೂನು ಮಾಡಿ, ಕಾಯಂ ವಾಸದ ಪರವಾನಗಿ ಸಿಕ್ಕಿ ಮೂರು ವರ್ಷ ಆದವರಿಗೆ 2006ರ ಸ್ಥಳೀಯ ಚುನಾವಣೆಯಲ್ಲಿ ವೋಟು ಕೊಟ್ಟಿತು. ಪೂರ್ವ ಏಷ್ಯಾದಲ್ಲಿ ಇಂಥ ಹೆಜ್ಜೆ ಇಟ್ಟ ಮೊದಲ ದೇಶ ಅದು. ನ್ಯೂಜಿಲೆಂಡ್ ಇನ್ನೂ ಮುಂದೆ ಹೋಗಿ, 1975ರಿಂದ ಕಾಯಂ ನಿವಾಸಿಗಳಿಗೆ ಸಂಸತ್ತಿನ ವೋಟನ್ನೂ ಕೊಟ್ಟಿದೆ. ಬ್ರಿಟನ್ನಿನಲ್ಲಿ ಕಾಮನ್‌ವೆಲ್ತ್ ದೇಶಗಳ ಪೌರರು ಕಾನೂನುಬದ್ಧವಾಗಿ ವಾಸವಿದ್ದರೆ ಎಲ್ಲ ಚುನಾವಣೆಗಳಲ್ಲೂ ವೋಟು ಹಾಕಬಹುದು. ಅಂದರೆ ಭಾರತದ ಪಾಸ್‌ಪೋರ್ಟ್ ಇರುವವರೂ ಹಾಕಬಹುದು. ಅಲ್ಲಿಗೆ ಓದಲು, ಕೆಲಸಕ್ಕೆ ಹೋದವರಲ್ಲಿ ಇದು ಗೊತ್ತಿಲ್ಲದವರು ಬಹಳ ಜನ. ನಿಮ್ಮವರು ಯಾರಾದರೂ ಅಲ್ಲಿದ್ದರೆ ಇವತ್ತೇ ತಿಳಿಸಿ.

ಯುರೋಪಿಯನ್ ಒಕ್ಕೂಟದಲ್ಲಿ ಮಾಸ್ಟ್ರಿಕ್ಟ್ ಒಪ್ಪಂದ ದೊಡ್ಡ ತಿರುವು. 1993ರಲ್ಲಿ ಅದು ಜಾರಿಗೆ ಬಂದ ಮೇಲೆ ಒಕ್ಕೂಟದ ಯಾವುದೇ ದೇಶದ ಪೌರ ಬೇರೆ ಸದಸ್ಯ ದೇಶದಲ್ಲಿ ವಾಸವಿದ್ದರೆ, ಅಲ್ಲಿನ ಊರಿನ ಚುನಾವಣೆಯಲ್ಲಿ ವೋಟು ಹಾಕಬಹುದು, ನಿಲ್ಲಲೂಬಹುದು. ಫ್ರಾನ್ಸಿನಲ್ಲಿ ಗೆದ್ದರೂ ಮೇಯರ್ ಆಗುವ ಹಾಗಿಲ್ಲ, ಅದೊಂದು ಮಿತಿ. ಒಕ್ಕೂಟದ ಹೊರಗಿನವರ ವಿಷಯ ಆಯಾ ದೇಶಕ್ಕೆ ಬಿಟ್ಟದ್ದು. ಲಕ್ಸೆಂಬರ್ಗ್‌ನಲ್ಲಿ ಹೆಚ್ಚುಕಡಿಮೆ ಅರ್ಧ ಜನ ವಿದೇಶಿಯರು. ಅಲ್ಲಿ ಐದು ವರ್ಷ ವಾಸದ ಷರತ್ತು ಇತ್ತು, 2023ರ ಸ್ಥಳೀಯ ಚುನಾವಣೆಗೆ ಮೊದಲು ಅದನ್ನೂ ತೆಗೆದುಹಾಕಿದರು. ಅವರ ಲೆಕ್ಕ ಅರ್ಥವಾಗುವಂಥದ್ದೇ. ಊರಿನ ಅರ್ಧ ಜನರನ್ನು ಹೊರಗಿಟ್ಟು ಆರಿಸಿದ ಕೌನ್ಸಿಲ್, ಯಾರ ಹೆಸರಲ್ಲಿ ಆಡಳಿತ ನಡೆಸುತ್ತದೆ?

ಎದುರು ವಾದವೂ ಇದೆ, ಅದನ್ನು ತಳ್ಳಿಹಾಕುವುದು ಸರಿಯಲ್ಲ. ಜರ್ಮನಿಯ ಎರಡು ರಾಜ್ಯಗಳು 1989ರಲ್ಲಿ ವಿದೇಶಿಯರಿಗೆ ಸ್ಥಳೀಯ ವೋಟು ಕೊಡಲು ಹೊರಟಾಗ, ಅಲ್ಲಿನ ಸಂವಿಧಾನ ನ್ಯಾಯಾಲಯ 1990ರಲ್ಲಿ ತಡೆಯಿತು. ಅಧಿಕಾರ ಬರುವುದು ಜನತೆಯಿಂದ, ಜನತೆ ಅಂದರೆ ಪೌರರು, ಇದು ಊರಿನ ಮಟ್ಟಕ್ಕೂ ಅನ್ವಯಿಸುತ್ತದೆ ಅಂತ ಅದು ಹೇಳಿತು. ಜಪಾನಿನ ಸುಪ್ರೀಂ ಕೋರ್ಟು 1995ರಲ್ಲಿ ಇನ್ನೊಂದು ರೀತಿ ನೋಡಿತು. ವಿದೇಶಿಯರಿಗೆ ವೋಟಿನ ಹಕ್ಕನ್ನು ಸಂವಿಧಾನ ಕೊಟ್ಟಿಲ್ಲ, ಆದರೆ ಕಾಯಂ ವಾಸ ಇರುವವರಿಗೆ ಸ್ಥಳೀಯ ವೋಟು ಕೊಡುವ ಕಾನೂನು ಮಾಡಿದರೆ ಸಂವಿಧಾನ ಅಡ್ಡ ಬರುವುದೂ ಇಲ್ಲ ಅಂತ. ನ್ಯೂಯಾರ್ಕ್ ನಗರ 8 ಲಕ್ಷಕ್ಕೂ ಜಾಸ್ತಿ ವಿದೇಶಿ ನಿವಾಸಿಗಳಿಗೆ ನಗರದ ವೋಟು ಕೊಡುವ ಕಾನೂನು ತಂದಿತ್ತು. ಕೇಸು ನಡೆದು, 2025ರ ಮಾರ್ಚ್‌ನಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ಅದು ರಾಜ್ಯದ ಸಂವಿಧಾನಕ್ಕೆ ವಿರುದ್ಧ ಅಂತ ರದ್ದು ಮಾಡಿತು. ಅದೇ ದೇಶದ ಟಕೋಮಾ ಪಾರ್ಕ್ ಅನ್ನುವ ಸಣ್ಣ ಪಟ್ಟಣದಲ್ಲಾದರೋ 1990ರ ದಶಕದ ಮೊದಲಿಂದಲೂ ವಿದೇಶಿ ನಿವಾಸಿಗಳು ವೋಟು ಹಾಕುತ್ತಿದ್ದಾರೆ.

ಕೊಟ್ಟ ವೋಟನ್ನು ಕಿತ್ತುಕೊಂಡದ್ದೂ ಇದೆ. ಎಸ್ಟೋನಿಯಾದಲ್ಲಿ ಪೌರರಲ್ಲದ ಕಾಯಂ ನಿವಾಸಿಗಳು 1993ರಿಂದ ಸ್ಥಳೀಯ ಚುನಾವಣೆಯಲ್ಲಿ ವೋಟು ಹಾಕುತ್ತಿದ್ದರು. ಉಕ್ರೇನ್ ಯುದ್ಧದ ನಂತರ ಅಲ್ಲಿ ಭಯ ಹೆಚ್ಚಿತು, 2025ರಲ್ಲಿ ಸಂವಿಧಾನ ತಿದ್ದಿ ರಷ್ಯಾ ಮತ್ತು ಬೆಲಾರೂಸ್ ಪೌರರ ವೋಟು ತೆಗೆದರು. ಯಾವ ದೇಶದ ಪೌರತ್ವವೂ ಇಲ್ಲದವರಿಗೆ 2025ರ ಚುನಾವಣೆಯೇ ಕೊನೆಯದು. ಪಕ್ಕದಲ್ಲೇ ದೊಡ್ಡ ದೇಶ ಯುದ್ಧ ಮಾಡುತ್ತಿರುವಾಗ ಸಣ್ಣ ದೇಶದ ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೂ ದಶಕಗಳಿಂದ ಅದೇ ಬೀದಿಯಲ್ಲಿ ಬದುಕಿದ ಮುದುಕಿಯೊಬ್ಬಳಿಗೆ ಇನ್ನು ಮುಂದೆ ಚರಂಡಿ ವಿಷಯದಲ್ಲೂ ನಿನ್ನ ಮಾತು ಬೇಡ ಅಂದರೆ, ಅದು ಸಣ್ಣ ನಷ್ಟ ಅಲ್ಲ.

ನನ್ನ ನಿಲುವು ಕೇಳಿದರೆ, ದೇಶದ ಚುನಾವಣೆಗೆ ಪೌರತ್ವ ಇರಲಿ, ಊರಿನ ಚುನಾವಣೆಗೆ ಕೆಲವು ವರ್ಷಗಳ ವಾಸ ಸಾಕು. ಎರಡೂ ಒಂದೇ ಅಲ್ಲ.

ವಯಸ್ಸಿನ ಬಗ್ಗೆ ಹೆಚ್ಚು ಬೆಳೆಸುವುದಿಲ್ಲ. ಹೆಚ್ಚಿನ ದೇಶಗಳಲ್ಲಿ 18. ಭಾರತದಲ್ಲೂ 21 ಇದ್ದದ್ದು 61ನೇ ತಿದ್ದುಪಡಿಯಿಂದ 1989ರಲ್ಲಿ 18 ಆಯಿತು. ಆದರೆ ಸ್ಥಳೀಯ ಚುನಾವಣೆಗೆ ವಯಸ್ಸು ಇಳಿಸಿದ ಜಾಗಗಳಿವೆ. ಎಸ್ಟೋನಿಯಾದಲ್ಲಿ 2017ರಿಂದ 16, ವೇಲ್ಸ್‌ನಲ್ಲಿ 2022ರ ಸ್ಥಳೀಯ ಚುನಾವಣೆಯಿಂದ 16, ಜರ್ಮನಿಯ ಹಲವು ರಾಜ್ಯಗಳಲ್ಲಿ 16, ಟಕೋಮಾ ಪಾರ್ಕ್‌ನಲ್ಲಿ 2013ರಿಂದ 16, ಇಸ್ರೇಲಿನಲ್ಲಿ 17. ಆಟದ ಮೈದಾನ, ಬಸ್ಸು, ಗ್ರಂಥಾಲಯ ಇದನ್ನೆಲ್ಲ ಜಾಸ್ತಿ ಬಳಸುವವರು ಅದೇ ವಯಸ್ಸಿನವರು. ನನಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ.

ಜೈಲಿನಲ್ಲಿರುವವರ ವಿಷಯದಲ್ಲಿ ದೇಶದಿಂದ ದೇಶಕ್ಕೆ ಬಹಳ ವ್ಯತ್ಯಾಸ. ಭಾರತದಲ್ಲಿ ವಿಚಾರಣೆ ನಡೆಯುತ್ತಿರುವ ಕೈದಿಗೂ ವೋಟು ಹಾಕುವ ಅವಕಾಶ ಇಲ್ಲ. ಸ್ಕಾಟ್ಲೆಂಡಿನಲ್ಲಿ 2020ರಿಂದ 12 ತಿಂಗಳು ಅಥವಾ ಕಡಿಮೆ ಶಿಕ್ಷೆ ಇರುವವರು ಸ್ಥಳೀಯ ಚುನಾವಣೆಯಲ್ಲಿ ವೋಟು ಹಾಕಬಹುದು.

ಇನ್ನೊಂದು ಗುಂಪಿದೆ, ಇವರ ಬಗ್ಗೆ ಯಾರೂ ಮಾತಾಡುವುದಿಲ್ಲ. ನಗರದ ಗಡಿ ರೇಖೆಯ ಆಚೆ ಇರುವವರು. ನಗರದ ಕಸ ಬಂದು ಬೀಳುವುದು ಅವರ ಪಕ್ಕದಲ್ಲಿ, ನಗರದ ಕೊಳಚೆ ನೀರು ಹರಿಯುವುದು ಅವರ ಹೊಲದ ಬದಿಯಲ್ಲಿ, ಆದರೆ ಆ ನಗರದಲ್ಲಿ ಅವರಿಗೆ ವೋಟಿಲ್ಲ. ಅಮೆರಿಕದ ಅಲಬಾಮಾದಲ್ಲಿ ಟಸ್ಕಲೂಸಾ ನಗರದ ಪೊಲೀಸು ಮತ್ತು ಲೈಸೆನ್ಸ್ ನಿಯಮಗಳು ಗಡಿಯಿಂದ ಮೂರು ಮೈಲಿ ಆಚೆಗೂ ನಡೆಯುತ್ತಿದ್ದವು. ಅಲ್ಲಿನ ಹೋಲ್ಟ್ ಅನ್ನುವ ಊರಿನವರು, ನಿಯಮ ನಮಗೂ ಇದೆ ಅಂದಮೇಲೆ ವೋಟೂ ಕೊಡಿ ಅಂತ ಕೇಳಿದರು. 1978ರಲ್ಲಿ ಸುಪ್ರೀಂ ಕೋರ್ಟು ಆಗುವುದಿಲ್ಲ ಅಂದಿತು. ಗಡಿ ಒಂದು ಕಡೆ ಎಳೆಯಲೇಬೇಕು, ಇಲ್ಲದಿದ್ದರೆ ನಗರದ ತೀರ್ಮಾನ ತಟ್ಟುವವರ ಪಟ್ಟಿಗೆ ಕೊನೆಯೇ ಇರುವುದಿಲ್ಲ ಅನ್ನುವುದು ಅದರ ವಾದ. ವಾದದಲ್ಲಿ ಹುರುಳಿದೆ. ಆದರೆ ನಗರ ದಿನೇ ದಿನೇ ಹಬ್ಬುತ್ತಿರುವಾಗ ಗಡಿಯನ್ನು ದಶಕಗಟ್ಟಲೆ ಮುಟ್ಟದೆ ಬಿಡುವುದು, ಅಲ್ಲಿನ ಜನರಿಗೆ ಮಾಡುವ ಅನ್ಯಾಯವೇ.

ಕೊನೆಗೆ ಕೆಲಸದ ಮಾತು. ಅರ್ಹತೆ ಇದ್ದೂ ವೋಟು ಕಳೆದುಕೊಳ್ಳುವವರಲ್ಲಿ ಎಷ್ಟೋ ಜನರಿಗೆ ಅಡ್ಡ ಬರುವುದು ಕಾನೂನಲ್ಲ, ಪಟ್ಟಿ. ಮನೆ ಬದಲಾಯಿಸಿರುತ್ತಾರೆ, ಹೆಸರು ಹಳೆಯ ವಾರ್ಡಿನಲ್ಲೇ ಉಳಿದಿರುತ್ತದೆ. ಕೈಯಲ್ಲಿ ಗುರುತಿನ ಚೀಟಿ ಇದೆ, ಅಷ್ಟು ಸಾಕು ಅಂದುಕೊಳ್ಳುತ್ತಾರೆ. ಭಾರತದಲ್ಲಿ ಚೀಟಿ ಇದ್ದು ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ವೋಟಿಲ್ಲ. ಅದೂ ಅಲ್ಲದೆ ಇಲ್ಲಿ ನಗರಸಭೆ, ಪಂಚಾಯಿತಿ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ, ಲೋಕಸಭೆ, ವಿಧಾನಸಭೆ ನಡೆಸುವುದು ಭಾರತದ ಚುನಾವಣಾ ಆಯೋಗ, ಎರಡೂ ಬೇರೆ ಬೇರೆ ಸಂಸ್ಥೆಗಳು. ಹಾಗಾಗಿ ಕಳೆದ ಸಲ ಲೋಕಸಭೆಗೆ ವೋಟು ಹಾಕಿದ್ದೆ, ಈ ಸಲವೂ ಇದ್ದೇ ಇರುತ್ತದೆ ಅಂತ ಕೂರಬೇಡಿ. ವಾರ್ಡಿನ ಗಡಿ ಬದಲಾಗಿದ್ದರೆ ನಿಮ್ಮ ಬೀದಿಯ ಒಂದು ಸಾಲು ಒಂದು ವಾರ್ಡಿಗೆ, ಎದುರು ಸಾಲು ಇನ್ನೊಂದಕ್ಕೆ ಹೋಗಿರಬಹುದು. ಬೇರೆ ದೇಶಗಳಲ್ಲಿ ಕೆಲವು ಕಡೆ ವಿಳಾಸ ದಾಖಲಿಸಿದರೆ ಹೆಸರು ತಾನಾಗಿ ಸೇರುತ್ತದೆ, ಕೆಲವು ಕಡೆ ನೀವೇ ಅರ್ಜಿ ಹಾಕಬೇಕು.

ಕರಡು ಪಟ್ಟಿ ಹೊರಬಂದ ಮೇಲೆ ಆಕ್ಷೇಪಣೆಗೆ ಸಿಗುವ ದಿನಗಳು ಕಡಿಮೆ. ಆಗ ನಿಮ್ಮ ಹೆಸರು ಮಾತ್ರ ನೋಡಿ ಬರಬೇಡಿ. ಮನೆಯಲ್ಲಿ ಈ ವರ್ಷ 18 ತುಂಬಿದವರದ್ದು, ಹೊಸದಾಗಿ ಮದುವೆಯಾಗಿ ಬಂದವರದ್ದು, ಮಹಡಿ ಮೇಲೆ ಬಾಡಿಗೆಗಿರುವವರದ್ದು, ಎಲ್ಲವನ್ನೂ ಅದೇ ಸಲ ನೋಡಿಬಿಡಿ.